ಹದಿನೇಳು ನಿಮಿಷ ಹಿಂದಿದ್ದ ಹಡಗಿನ ಗಡಿಯಾರ

ಎಲ್ಲಿಯಾದರೂ ತಪ್ಪು ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ಬಹಳ ವರ್ಷ ಇದನ್ನು ನನ್ನ ದೊಡ್ಡ ಗುಣವೆಂದೇ ತಿಳಿದಿದ್ದೆ. ಮೂವತ್ತನಾಲ್ಕು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿ, ಕೊನೆಯ ಆರು ವರ್ಷ ಹೆಡ್‌ಮಾಸ್ತರನೂ ಆಗಿ, ಈಗ ಸೇಡಂನಲ್ಲಿ ಮನೆ ಕಟ್ಟಿಕೊಂಡು ಕುಳಿತಿರುವ ನನಗೆ ತಿದ್ದಲು ಉತ್ತರಪತ್ರಿಕೆಗಳಿಲ್ಲ. ಆದ್ದರಿಂದ ಗಡಿಯಾರಗಳನ್ನು ತಿದ್ದುತ್ತೇನೆ. ಯಾರ ಮನೆಗೆ ಹೋದರೂ ನನ್ನ ಕಣ್ಣು ಮೊದಲು ಹೋಗುವುದು ಗೋಡೆಗೆ. ಗಡಿಯಾರ ನಾಲ್ಕು ನಿಮಿಷ ಹಿಂದೆ ಮುಂದೆ ಇದ್ದರೆ, ಒಳಗಿನಿಂದ ಚಹಾ ಬರುವಷ್ಟರಲ್ಲಿ ಕುರ್ಚಿ ಹತ್ತಿ ಅದನ್ನು ಸರಿಮಾಡಿ ಇಳಿದಿರುತ್ತೇನೆ. ಕುರಕುಂಟಾದ ನಮ್ಮ ಬೀಗರು ನಾನು ಬರುವ ಸುದ್ದಿ ತಿಳಿದರೆ ಗಡಿಯಾರ ಇಳಿಸಿ ಅಲಮಾರಿಯಲ್ಲಿಡುತ್ತಾರೆಂದು ನನ್ನ ಹೆಂಡತಿ ನೀಲಾ ಹೇಳುತ್ತಾಳೆ. ನಾನು ನಂಬುವುದಿಲ್ಲ. ಆದರೆ ಹೋದ ಸಲ ಹೋದಾಗ ಅವರ ಗೋಡೆಯ ಮೇಲೆ ಮೊಳೆಯೊಂದೇ ಇತ್ತು.

ನನ್ನ ಸ್ವಂತ ಮನೆಯಲ್ಲಿ ಮಾತ್ರ ಈ ಸುಧಾರಣೆ ಅಡುಗೆಮನೆಯ ಬಾಗಿಲಲ್ಲೇ ನಿಂತಿದೆ. ಅಲ್ಲಿಯ ಗಡಿಯಾರವನ್ನು ನೀಲಾ ಹದಿನೈದು ನಿಮಿಷ ಮುಂದಿಟ್ಟಿದ್ದಾಳೆ. ಬಸ್ಸು ತಪ್ಪಬಾರದೆಂದು ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಹೀಗೆ ಇಡುತ್ತಾರೆ. ಮುಂದಿದೆಯೆಂದು ಗೊತ್ತಿದ್ದ ಮೇಲೆ ಎಲ್ಲರೂ ಹದಿನೈದು ಕಳೆದೇ ನೋಡುತ್ತಾರೆ, ಹಾಗಾದರೆ ಮುಂದಿಟ್ಟು ಬಂದ ಲಾಭವೇನು ಎಂದು ನಾನು ಅವಳಿಗೆ ಕರಿಹಲಗೆ ಒಂದಿಲ್ಲ ಎನ್ನುವಷ್ಟು ವಿವರವಾಗಿ ಕೇಳಿದ್ದೇನೆ.

"ಎಷ್ಟು ಮುಂದದ ಅಂತ ನನಗ ಗೊತ್ತದಲ್ಲ, ಅಷ್ಟು ಸಾಕು. ನಿಮಗ್ಯಾಕ ಅದರ ಉಸಾಬರಿ?" ಎಂದಳು. ಗಣಿತದ ದೃಷ್ಟಿಯಿಂದ ಇದು ಉತ್ತರವೇ ಅಲ್ಲವೆಂದು ನಾನು ಆಗ ತೀರ್ಮಾನಿಸಿದೆ.

ಇಂಥ ನನ್ನ ಕೈಗೆ ಈ ಚಳಿಗಾಲದ ಮೊದಲಿಗೆ ಒಂದು ಹಡಗಿನ ಗಡಿಯಾರ ಬಂತು.

ಅದು ಶಹಾಬಾದಿನಲ್ಲಿದ್ದ ನನ್ನ ಸೋದರಮಾವ ರೇವಣಸಿದ್ದಪ್ಪನವರದು. ಮಾವನ ಮನೆಯವರೆಲ್ಲ ಕಲ್ಲಿನ ಖಣಿಯ ಕೆಲಸದಲ್ಲಿದ್ದವರು. ಇವರೊಬ್ಬರು ಮಾತ್ರ ನೌಕಾದಳ ಸೇರಿದರು. ಹಡಗು ಎಲ್ಲಿದೆಯೆಂದು ಲೆಕ್ಕ ಹಾಕುವ ಅಧಿಕಾರಿಯ ಕೈಕೆಳಗೆ ಅವರ ಕೆಲಸ. ಅದರಲ್ಲಿ ಮುಖ್ಯವಾದದ್ದು ದಿನಾ ಮುಂಜಾನೆ ಎಂಟಕ್ಕೆ ಗಡಿಯಾರಕ್ಕೆ ಚಾವಿ ಕೊಡುವುದು. ನಿವೃತ್ತರಾಗಿ ಊರಿಗೆ ಬರುವಾಗ, ಮುಂಬೈಯಲ್ಲಿ ಒಡೆದ ಹಡಗುಗಳ ಸಾಮಾನು ಮಾರುವ ಗುಜರಿಯಲ್ಲಿ ಅಂಥದೇ ಒಂದು ಗಡಿಯಾರ ಕಂಡಿತಂತೆ. ಕೊಂಡು ತಂದರು. ತಾವು ಚಾವಿ ಕೊಡುತ್ತಿದ್ದದ್ದು ಇದಕ್ಕೇ ಎಂದು ಕೊನೆಯವರೆಗೂ ಸಾಧಿಸಿದರು. ಅತ್ತೆ ಮಹಾದೇವಿ ಅದನ್ನು ನಂಬಲಿಲ್ಲ. ಆದರೆ ಗಡಿಯಾರವನ್ನು ಬಿಡಲೂ ಇಲ್ಲ.

ನೋಡಲು ಅದು ಅಂಗೈ ತುಂಬುವ ದೊಡ್ಡ ಜೇಬುಗಡಿಯಾರ. ಒಂದು ಗಟ್ಟಿ ಮರದ ಪೆಟ್ಟಿಗೆಯಲ್ಲಿ, ಮಖಮಲ್ಲು ಹಾಸಿದ ಗುಂಡಿಯೊಳಗೆ ಮುಖ ಮೇಲೆ ಮಾಡಿ ಮಲಗಿರುತ್ತದೆ. ಬಿಳಿಯ ಮುಖ, ಕಪ್ಪು ಅಂಕಿಗಳು. ಅಲಂಕಾರ ಏನೂ ಇಲ್ಲ. ಅಲಂಕಾರ ಇಲ್ಲದಿರುವುದರಲ್ಲೇ ಅದನ್ನು ಮಾಡಿದವನ ಸೊಕ್ಕು ಕಾಣುತ್ತದೆ. ಮುಳ್ಳುಗಳು ಎಷ್ಟು ತೆಳ್ಳಗಿವೆಯೆಂದರೆ ನಿಮಿಷದ ಮುಳ್ಳಿನ ತುದಿ ಗೆರೆಯ ಮೇಲೆ ಬಂದಾಗ ಗೆರೆಯನ್ನು ಮುಚ್ಚುತ್ತದೆ, ಆಚೀಚೆ ಒಂದಿಷ್ಟೂ ಚೆಲ್ಲುವುದಿಲ್ಲ. ಕೆಳಗೆ ಸೆಕೆಂಡಿಗೆ ಒಂದು ಬೇರೆ ವೃತ್ತ. ಮೇಲೆ ಇನ್ನೊಂದು ಪುಟ್ಟ ಮುಳ್ಳು, ಚಾವಿ ಕೊಟ್ಟು ಎಷ್ಟು ಗಂಟೆಯಾಯಿತೆಂದು ಹೇಳಲು. ತನಗೆ ಹಸಿವೆಯಾದದ್ದನ್ನು ತಾನೇ ಹೇಳುವ ಗಡಿಯಾರ ನಾನು ಬೇರೆ ನೋಡಿಲ್ಲ.

ನಿಜವಾದ ಕುಶಲತೆ ಇರುವುದು ಬೆನ್ನಿನಲ್ಲಿ. ಹೋದ ವರ್ಷ ಅತ್ತೆ ಅದನ್ನು ತೊಳೆಸಿ ಎಣ್ಣೆ ಹಾಕಿಸಲು ಶಹಾಬಾದಿನ ಒಬ್ಬ ಹಳೆಯ ಗಡಿಯಾರ ರಿಪೇರಿಯವರ ಹತ್ತಿರ ಒಯ್ದಾಗ ನಾನೂ ಜೊತೆಗಿದ್ದೆ. ಅವರು ತಿರುಪಿನ ಮುಚ್ಚಳ ತೆಗೆದು, "ಮಾಸ್ತರ್, ಉಸಿರು ಆ ಕಡಿ ಬಿಡ್ರಿ" ಎಂದರು. ಉಸಿರು ಬಿಡಲು ನೆನಪಿದ್ದರೆ ತಾನೆ! ಒಳಗೆ ಹೊಳೆಯುವ ತಗಡುಗಳ ಮೇಲೆ ಒಂದೇ ಅಳತೆಯ ನವಿರಾದ ಪಟ್ಟೆಗಳನ್ನು ಕೊರೆದಿದ್ದಾರೆ. ಚಕ್ರಗಳ ಅಚ್ಚು ತಿರುಗುವಲ್ಲೆಲ್ಲ ಎಳ್ಳಿಗಿಂತ ಸಣ್ಣ ಕೆಂಪು ಹರಳು. ಸ್ಕ್ರೂಗಳ ತಲೆಗಳನ್ನು ಹದವಾಗಿ ಕಾಯಿಸಿ ನೀಲಿ ಬಣ್ಣಕ್ಕೆ ತಂದಿದ್ದಾರೆ. ಒಂದು ಕ್ಷಣ ಹೆಚ್ಚು ಕಾಯಿಸಿದರೆ ಆ ನೀಲಿ ಹೋಗಿ ಬೂದಿಯ ಬಣ್ಣ ಬರುತ್ತದಂತೆ. ನಡುವೆ ತೂಗುಚಕ್ರ, ಅದರ ಹೊಟ್ಟೆಯಲ್ಲಿ ಕೂದಲೆಳೆಯಂಥ ಸ್ಪ್ರಿಂಗು, ಸೆಕೆಂಡಿಗೆ ಐದು ಸಲ ಅತ್ತಿತ್ತ ಹೊರಳುತ್ತಿತ್ತು. ಮುಚ್ಚಳ ಹಾಕಿದ ಮೇಲೆ ಇದನ್ನೆಲ್ಲ ಯಾರು ನೋಡುತ್ತಾರೆ? ಹಡಗಿನ ಕಪ್ತಾನನೂ ನೋಡುವುದಿಲ್ಲ. ರಿಪೇರಿಯವನೊಬ್ಬ ಹತ್ತಾರು ವರ್ಷಕ್ಕೊಮ್ಮೆ ನೋಡಿದರೆ ನೋಡಿದ. ಆ ಒಬ್ಬನ ಮುಂದೆ ಮಾನ ಹೋಗಬಾರದೆಂದು ಎಲ್ಲಿಯದೋ ಕಾರ್ಖಾನೆಯಲ್ಲಿ ಯಾರೋ ಒಬ್ಬರು ಕಣ್ಣು ಸವೆಸಿ ಆ ಪಟ್ಟೆ ಕೊರೆದಿದ್ದಾರೆ. ಅಂದಿನಿಂದ ನನಗೆ ಆ ಗಡಿಯಾರ ಬೇಕು ಎನ್ನುವ ಆಸೆ ಹುಟ್ಟಿತು. ಆಸೆಯೇನು, ನಾಚಿಕೆ ಬಿಟ್ಟು ಹೇಳುವುದಾದರೆ, ದುರಾಸೆ.

ಅತ್ತೆಗೆ ಕಣ್ಣಿನ ಪೊರೆ ಬೆಳೆದಿತ್ತು. ಆಪರೇಷನ್ ಮಾಡಿಸಿ ಹದಿನೈದು ದಿನ ಕಲಬುರಗಿಯಲ್ಲಿ ಮಗಳ ಮನೆಯಲ್ಲಿರಬೇಕು. ನನ್ನನ್ನು ಕರೆಸಿ ಪೆಟ್ಟಿಗೆಯನ್ನೂ ಲೆಕ್ಕ ಬರೆಯುವ ಒಂದು ವಹಿಯನ್ನೂ ಮುಂದಿಟ್ಟರು.

"ನನ್ನ ಬೆರಳು ಮೊದಲಿನಂಗ ಇಲ್ಲ ಚನ್ನು, ಚಾವಿ ತಿರುವಲಿಕ್ಕ ಬರವಲ್ದು. ಮುಂದ ಯಾರಾದರೂ ನೋಡಿಕೋಬೇಕಲ್ಲ. ಮಗಳಿಗಿ ಕೊಟ್ರ ಕಾಜಿನ ಕಪಾಟಿನಾಗ ಇಟ್ಟು ಬಿಡ್ತಾಳ. ಹದಿನೈದು ದಿನ ನೀ ಇಟಗೊಂಡು ನೋಡು. ಛಂದ ನಡಿಸಿದ್ರ ನಿನಗಽ ಇರಲಿ."

"ಅತ್ತಿ, ನನ್ನ ಕೈಯಾಗ ಬಂದ ಗಡಿಯಾರ ಎಂದರ ತಪ್ಪಿದ್ದು ಕೇಳೀರೇನು?" ಎಂದೆ.

"ದಿನಾ ಎಂಟಕ್ಕ ಚಾವಿ ಕುಡು. ಎಷ್ಟು ಹಿಂದ ಬಿದ್ದದ ನೋಡಿ ವಹಿಯಾಗ ಬರಿ. ಮತ್ತೇನೂ ಮಾಡಬ್ಯಾಡ."

ಮೊದಲ ಎರಡು ಮಾತು ನನಗೆ, ಮೂರನೆಯದು ತಿಳಿವಳಿಕೆ ಕಡಿಮೆ ಇದ್ದವರಿಗೆ ಎಂದುಕೊಂಡು ಹೊರಟೆ.

ವಾಡಿಯಲ್ಲಿ ಗಾಡಿ ಬದಲಿಸಿ, ಚಿತ್ತಾಪುರದ ಮೇಲೆ ಹಾಯ್ದು ಸೇಡಂ ಮುಟ್ಟುವವರೆಗೆ ಪೆಟ್ಟಿಗೆಯನ್ನು ತೊಡೆಯಿಂದ ಇಳಿಸಲಿಲ್ಲ. ಎದುರಿಗೆ ಕುಳಿತಿದ್ದ ರುಮಾಲಿನ ಹಿರಿಯರೊಬ್ಬರು ಬಹಳ ಹೊತ್ತು ತಡೆದುಕೊಂಡು ಕೊನೆಗೆ ಕೇಳಿದರು: "ಮಿಠಾಯಿ ಏನ್ರಿ?" ಹಡಗಿನ ಗಡಿಯಾರ ಎಂದೆ. ಅವರು ಕಿಟಕಿಯ ಹೊರಗೆ ತೊಗರಿಯ ಹೊಲಗಳನ್ನು ಒಂದು ಸಲ ನೋಡಿ, "ಕಾಗಿಣಾ ಹೊಳಿಯಾಗ ಹಡಗ ಬಿಡ್ಲಿಕತ್ತಾರೇನು?" ಎಂದರು. ರೈಲಿನ ಡಬ್ಬಿಯಲ್ಲಿದ್ದವರೆಲ್ಲ ನಕ್ಕರು. ನನ್ನ ಹತ್ತಿರ ತಕ್ಕ ಉತ್ತರವಿತ್ತು, ಆದರೆ ಅದು ಮನೆಗೆ ಬಂದ ಮೇಲೆ ಹೊಳೆಯಿತು. ನಮ್ಮ ಈ ಸೀಮೆಯೇ ಒಂದು ಕಾಲಕ್ಕೆ ಕಡಲಿನ ತಳ. ಕೋಡ್ಲಾದ ಕಾರ್ಖಾನೆ ಪುಡಿಮಾಡುವ ಸುಣ್ಣಕಲ್ಲು, ಶಹಾಬಾದಿನಿಂದ ಹೋಗಿ ಎಷ್ಟೋ ಊರುಗಳ ಪಡಸಾಲೆಯಲ್ಲಿ ಹಾಸಿಕೊಂಡಿರುವ ಪರಸಿ ಕಲ್ಲು, ಎಲ್ಲವೂ ಆ ಕಡಲು ಪದರು ಪದರಾಗಿ ಬಿಟ್ಟುಹೋದ ಕೆಸರು. ಹಡಗಿನ ಗಡಿಯಾರಕ್ಕೆ ನಮ್ಮ ಊರಿಗಿಂತ ಯೋಗ್ಯವಾದ ಜಾಗ ಎಲ್ಲಿದೆ? ಸ್ವಲ್ಪ ತಡವಾಗಿ ಬಂದಿದೆ, ಅಷ್ಟೇ. ಇದನ್ನು ನೀಲಾಗೆ ಹೇಳಿದೆ. ಅವಳು ಆ ಹಿರಿಯರ ಮಾತಿಗೆ ನಕ್ಕಷ್ಟು ಇದಕ್ಕೆ ನಗಲಿಲ್ಲ.

ಮರುದಿನ ಎಂಟಕ್ಕೆ ಸರಿಯಾಗಿ ಪೆಟ್ಟಿಗೆ ತೆರೆದೆ. ಫೋನಿನಲ್ಲಿ ಎಂಟು, ಗಡಿಯಾರದಲ್ಲಿ ಎಂಟಕ್ಕೆ ಹದಿನೇಳು ನಿಮಿಷ ಚಿಲ್ಲರೆ ಕಡಿಮೆ. ಇಂಥ ರಾಜನಂಥ ಯಂತ್ರ ಒಬ್ಬ ಮುದುಕಿಯ ಮಂಜುಗಣ್ಣಿನಿಂದಾಗಿ ಇಷ್ಟು ಹಿಂದೆ ಬಿದ್ದಿದೆಯಲ್ಲ ಎಂದು ಮರುಕ ಬಂತು. ನೀಲಾ ಹಿಂದೆ ನಿಂತು, "ರೀ, ಅದರ ತಂಟಿಗಿ ಹೋಗಬ್ಯಾಡ್ರಿ. ಬರೀ ಚಾವಿ ಕುಡು ಅಂದಾರ" ಎಂದಳು. ಆಕೆ ಅಡುಗೆಮನೆಯ ಗಡಿಯಾರದ ಒಡತಿ. ಅವಳ ಮಾತು ಯಾರು ಕೇಳಬೇಕು? ಚಾವಿಯ ತಲೆಯನ್ನು ಮೇಲೆಳೆದೆ. ಸೆಕೆಂಡಿನ ಮುಳ್ಳು ನಿಂತುಕೊಂಡಿತು, ಹುಕುಮಿಗೆ ಕಾದ ಸಿಪಾಯಿಯಂತೆ. ಫೋನಿಗೆ ಸರಿಯಾಗಿ ಕೂಡಿಸಿ ಬಿಟ್ಟೆ. ಆ ದಿನವೆಲ್ಲ ನನಗೆ ಬಹಳ ಹಗುರಾಗಿತ್ತು.

ವಹಿಯಲ್ಲಿ ಏನೂ ಬರೆಯಲಿಲ್ಲ. ಸರಿಯಾದ ಗಡಿಯಾರದ ಬಗ್ಗೆ ಬರೆಯುವುದೇನಿದೆ? ದಿನಾ ಎಂಟಕ್ಕೆ ಚಾವಿ ಕೊಟ್ಟು, ಅದರ ಟಿಕ್‌ಟಿಕ್ಕಿಗೆ ಕಿವಿಗೊಟ್ಟು, ಬಂದವರಿಗೆಲ್ಲ ತೋರಿಸಿ, ಹದಿನೈದು ದಿನ ಕಳೆದೆ. ಅತ್ತೆ ಶಹಾಬಾದಿಗೆ ಬಂದಿದ್ದಾರೆ, ನಾಳೆ ಮುಂಜಾನೆ ಒಯ್ದು ತೋರಿಸಬೇಕು ಎಂದಾಗ, ಆ ಸಂಜೆ ವಹಿ ತೆರೆದೆ.

ತೆರೆದವನು ಬಹಳ ಹೊತ್ತು ಮುಚ್ಚಲಿಲ್ಲ. ದಿನಕ್ಕೊಂದು ಸಾಲು. ತಾರೀಖು, ಒಟ್ಟು ಎಷ್ಟು ಹಿಂದೆ, ನಿನ್ನೆಯಿಂದ ಎಷ್ಟು ಹಿಂದೆ. ಪುಟದ ಮೇಲೆ ಪುಟ ಮಾವನ ನೆಟ್ಟಗಿನ ಅಕ್ಷರ. ನಡುವೆ ಒಂದು ಕಡೆ ಅಕ್ಷರ ಬದಲಾಗುತ್ತದೆ. ಮಾವ ತೀರಿಕೊಂಡ ಮರುದಿನದ ಸಾಲು ಅದು. ಆ ಮುಂಜಾನೆ ಮನೆ ತುಂಬ ಮಂದಿ ಇದ್ದೆವು, ನಾನೂ ಇದ್ದೆ. ಅತ್ತೆ ಯಾವಾಗ ಎದ್ದು ಹೋಗಿ ಇದನ್ನು ಬರೆದರೋ ಯಾರಿಗೂ ಗೊತ್ತಾಗಿಲ್ಲ. ನಾಲ್ಕನೆಯ ಇಯತ್ತೆಯ ಓದಿನ ಗುಂಡು ಗುಂಡಾದ ಅಕ್ಷರ: ‘೩ ಸೆಕೆಂಡ್’. ಅಲ್ಲಿಂದ ಈಚೆಗೆ ಒಂದು ದಿನವೂ ತಪ್ಪಿಲ್ಲ. ಆ ಸಾಲಿನ ಮೇಲೆ ಬೆರಳಿಟ್ಟು ಇನ್ನೊಮ್ಮೆ ಓದಿದೆ.

ಗಣಿತದವನಾದ್ದರಿಂದ ಉಳಿದದ್ದು ಹೊಳೆಯಲು ಹೊತ್ತು ಹಿಡಿಯಲಿಲ್ಲ. ತೊಳೆಸಿದ ದಿನ ಸರಿಮಾಡಿ ಇಟ್ಟದ್ದು. ಅಲ್ಲಿಂದ ಅದನ್ನು ಯಾರೂ ಮುಟ್ಟಿಲ್ಲ. ಮುಟ್ಟಬಾರದು. ಹಡಗಿನವರ ಪದ್ಧತಿಯೇ ಅದು. ಗಡಿಯಾರ ತಪ್ಪಿದರೆ ಅವರಿಗೆ ಭಯವಿಲ್ಲ. ದಿನಾ ಒಂದೇ ಪ್ರಮಾಣದಲ್ಲಿ ತಪ್ಪಿದರೆ ಸಾಕು. ದಿನಕ್ಕೆ ಎಂಬತ್ತಾರು ಸಾವಿರದ ನಾಲ್ಕು ನೂರು ಸೆಕೆಂಡು. ಅದರಲ್ಲಿ ಸುಮಾರು ಮೂರು ತಪ್ಪು. ನನ್ನ ವಿದ್ಯಾರ್ಥಿಯಾಗಿದ್ದರೆ ನೂರಕ್ಕೆ ತೊಂಬತ್ತೊಂಬತ್ತು ಚಿಲ್ಲರೆ ಕೊಟ್ಟು ಬೆನ್ನು ಚಪ್ಪರಿಸುತ್ತಿದ್ದೆ. ಆ ಮೂರನ್ನು ಬರೆದು, ಕೂಡಿಸಿ, ಲೆಕ್ಕಕ್ಕೆ ತೆಗೆದುಕೊಂಡರೆ ಸರಿಯಾದ ವೇಳೆ ಸಿಗುತ್ತದೆ. ಮುಳ್ಳನ್ನು ತಿರುವಿ ಸರಿಮಾಡಲು ಹೋದರೆ ಲೆಕ್ಕದ ದಾರ ಕಡಿಯುತ್ತದೆ. ನಡುಗಡಲಲ್ಲಿ ತಾವು ಎಷ್ಟು ಮೂಡಲು, ಎಷ್ಟು ಪಡುವಲು ಎಂದು ಹಡಗಿನವರು ಲೆಕ್ಕ ಹಾಕುವುದು ಈ ವೇಳೆಯಿಂದಲೇ. ಭೂಮಿ ನಾಲ್ಕು ನಿಮಿಷಕ್ಕೆ ಒಂದು ಡಿಗ್ರಿ ತಿರುಗುತ್ತದೆ. ವಹಿಯಲ್ಲಿ ಹದಿನೇಳು ನಿಮಿಷ ಹಿಂದೆ ಎಂದಿದೆ. ಅದನ್ನು ನಂಬಿದ ನಾವಿಕ ಹದಿನೇಳು ಕೂಡಿಸುತ್ತಾನೆ. ನಾನೋ ಅದನ್ನು ಮೊದಲೇ ಕೂಡಿಸಿ ಇಟ್ಟಿದ್ದೇನೆ. ಆ ಲೆಕ್ಕದ ಪ್ರಕಾರ ಸೇಡಂ ನಾಲ್ಕು ಡಿಗ್ರಿಗೂ ಮಿಕ್ಕಿ ಪಡುವಣಕ್ಕೆ ಸರಿಯುತ್ತದೆ. ಭೂಪಟ ತೆಗೆದು ನೋಡಿದೆ. ನನ್ನ ಮನೆ, ನೀಲಾಳ ಅಡುಗೆಮನೆ ಸಮೇತ, ಕೊಂಕಣದ ದಂಡೆ ದಾಟಿ ಅರಬ್ಬೀ ಸಮುದ್ರದಲ್ಲಿ ಮುಳುಗಿತ್ತು.

ಆಗ ಫೋನ್ ಮಾಡಿ ಹೇಳಿಬಿಡಬಹುದಿತ್ತು. ಹೇಳಿದರೆ ಗಡಿಯಾರ ಅತ್ತೆಯ ಮಗಳ ಗಾಜಿನ ಕಪಾಟಿಗೆ ಹೋಗುತ್ತದೆ. ಮೂವತ್ತನಾಲ್ಕು ವರ್ಷ ಕಾಪಿ ಹೊಡೆಯುವವರನ್ನು ಹಿಡಿದ ನಾನು ಬಾಗಿಲು ಹಾಕಿಕೊಂಡು ಕಾಪಿ ಹೊಡೆಯಲು ಕುಳಿತೆ. ಅತ್ತೆಯ ಕೊನೆಯ ಸಾಲು ಹದಿನೇಳು ನಿಮಿಷ ಇಪ್ಪತ್ತೆರಡು ಸೆಕೆಂಡ್. ದಿನಕ್ಕೆ ಮೂರರಂತೆ ಹದಿನೈದು ದಿನಕ್ಕೆ ನಲವತ್ತೈದು. ಹದಿನೇಳು ಇಪ್ಪತ್ತೈದು, ಹದಿನೇಳು ಇಪ್ಪತ್ತೆಂಟು, ಹೀಗೆ ಹದಿನೆಂಟು ನಿಮಿಷ ಏಳು ಸೆಕೆಂಡಿನವರೆಗೆ ಸಾಲು ಇಳಿಸಿದೆ. ಒಂದೇ ಕೂತಿನಲ್ಲಿ ಬರೆದಂತೆ ಕಾಣಬಾರದೆಂದು ನಡುವೆ ಪೆನ್ನನ್ನೂ ಬದಲಿಸಿದೆ. ಈ ಯುಕ್ತಿ ನನಗೆ ಗೊತ್ತಿದ್ದದ್ದು ಅದನ್ನು ಮಾಡಿದ ಹುಡುಗರನ್ನು ಹಿಡಿದಿದ್ದರಿಂದಲೇ. ಮೊದಲು ತಪ್ಪಿಲ್ಲದ ಹಾಗೆ ಮಾಡಿದ ಗಡಿಯಾರವನ್ನು ಈಗ ಹದಿನೆಂಟು ನಿಮಿಷ ಏಳು ಸೆಕೆಂಡು ತಪ್ಪುವ ಹಾಗೆ ಹಿಂದೆ ತಿರುವಿ ಕೂಡಿಸಿದೆ.

ಶಹಾಬಾದ್ ಮುಟ್ಟಿದಾಗ ಏಳೂವರೆ. ಅತ್ತೆ ಹೊಸ ಕಣ್ಣಿನ ಸಂಭ್ರಮದಲ್ಲಿದ್ದರು. ಪರಸಿಯ ಮೇಲಿನ ಕಲೆಗಳೆಲ್ಲ ಕಾಣುತ್ತಿವೆಯೆಂದು ಬೇಸರಪಟ್ಟುಕೊಂಡರು. ಪೆಟ್ಟಿಗೆ ತೆರೆದು ಗಡಿಯಾರವನ್ನು ಒಂದು ಸಲ ನೋಡಿದರು. ಆಮೇಲೆ ವಹಿ ತೆರೆದು, ಭೂತಗನ್ನಡಿ ಇಲ್ಲದೆ, ಬೆರಳಿಟ್ಟು ಮೇಲಿನಿಂದ ಕೆಳಗೆ ಬಂದರು. ಹದಿನೈದನೆಯ ಸಾಲಿನಲ್ಲಿ ಬೆರಳು ನಿಂತಿತು.

"ಚನ್ನು, ಇದು ಇಷ್ಟು ಛಂದ ಎಂದೂ ನಡದಿಲ್ಲಪಾ."

"ನೋಡಿಕೊಂಡದ್ದು ಹಂಗ ಅದ, ಅತ್ತಿ," ಎಂದೆ.

"ದೀಪಾವಳಿ ಮುಗದು ಥಂಡಿ ಬಿತ್ತಂದ್ರ ಇದು ಎರಡಕ್ಕ ಇಳೀತದ. ಬ್ಯಾಸಗಿಯಾಗ ನಾಕು. ಒಂದೊಂದು ದಿನ ಮೂರು. ದಿನಾ ಮೂರು ಮೂರು ಅಂದ್ರ ನಿನ್ನ ಮನಿಯಾಗ ಯಾವ ಋತು ನಡದಿತ್ತು?"

ಉತ್ತರ ತೀರ ಸರಿಯಾಗಿದ್ದರೆ ಸಂಶಯಪಡಬೇಕೆಂದು ಹೊಸ ಮಾಸ್ತರುಗಳಿಗೆ ಉಪದೇಶ ಮಾಡುತ್ತಿದ್ದವನು ನಾನು. ನಾಲ್ಕನೆಯ ಇಯತ್ತೆ ಓದಿದ ಹೆಂಗಸು ಒಂದು ನಿಮಿಷದಲ್ಲಿ ನನ್ನನ್ನು ಹಿಡಿದರು. ಇನ್ನು ಮುಚ್ಚಿಡುವುದರಲ್ಲಿ ಅರ್ಥವಿರಲಿಲ್ಲ. ಮೊದಲ ದಿನ ತಿರುವಿದ್ದು, ಹದಿನೈದು ದಿನ ಬರೆಯದೆ ಬಿಟ್ಟದ್ದು, ಬಾಗಿಲು ಹಾಕಿಕೊಂಡು ಕುಳಿತದ್ದು, ಎರಡು ಪೆನ್ನು, ಎಲ್ಲ ಹೇಳಿದೆ. ಹೇಳುವಾಗ ಅತ್ತೆಯ ಮುಖ ನೋಡುವ ಧೈರ್ಯವಾಗಲಿಲ್ಲ. ಗಡಿಯಾರ ಹೋಯಿತು ಎನ್ನುವ ದುಃಖಕ್ಕಿಂತ, ಅಷ್ಟು ವರ್ಷದ ಸಾಲಿನಲ್ಲಿ ಮೊದಲ ಸುಳ್ಳು ನನ್ನದು ಎನ್ನುವುದು ಹೆಚ್ಚು ಚುಚ್ಚುತ್ತಿತ್ತು.

ಅತ್ತೆ ಬೈಯಲಿಲ್ಲ. ನನ್ನ ಜೇಬಿನಿಂದಲೇ ಪೆನ್ನು ತೆಗೆದುಕೊಂಡು, ಹದಿನೈದೂ ಸಾಲಿನ ಮೇಲೆ ಒಂದು ಉದ್ದ ಗೆರೆ ಎಳೆದರು. ಪಕ್ಕದಲ್ಲಿ ಗುಂಡಕ್ಷರದಲ್ಲಿ ಬರೆದರು: ‘ಚನ್ನು. ೧೫ ದಿನ ಸುಳ್ಳು.’ ಪೆನ್ನನ್ನು ನನ್ನ ಕೈಗೆ ಕೊಟ್ಟು, "ಎಂಟಾಗ್ಲಿಕ್ಕ ಬಂತು. ಚಾವಿ ಕುಡು. ಇವತ್ತಿಂದು ಖರೇ ಏನದ ಬರಿ" ಎಂದರು. ಚಾವಿ ಕೊಟ್ಟೆ. ರೇಡಿಯೋದಲ್ಲಿ ಎಂಟರ ಸದ್ದಾಯಿತು. ನಿನ್ನೆ ಸಂಜೆ ನಾನೇ ಕೂಡಿಸಿದ್ದರಿಂದ ಹೊಸ ಲೆಕ್ಕ ಅಲ್ಲಿಂದ ಶುರುವಾಗಬೇಕು. ಹದಿನೆಂಟು ನಿಮಿಷ ಎಂಟು ಸೆಕೆಂಡ್ ಎಂದು ಬರೆದೆ. ಅಕ್ಷರ ಸೊಟ್ಟಗಾಯಿತು, ಅದನ್ನು ತಿದ್ದಲಿಲ್ಲ.

ನಾನು ಚಪ್ಪಲಿ ಹಾಕಿಕೊಳ್ಳುವಾಗ ಅತ್ತೆ ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಹಿಡಿದು ಬಾಗಿಲಿಗೆ ಬಂದರು.

"ಹಂಗಽ ಹೊಂಟಿಯಲ್ಲ. ಇದನ್ನ ಯಾರು ಒಯ್ಯಬೇಕು?"

"ಇಷ್ಟಾದ ಮ್ಯಾಲೂ ನನಗಽ ಕುಡ್ತೀರೇನು, ಅತ್ತಿ?"

"ಎಷ್ಟು ತಪ್ಪತದ ಅಂತ ಗೊತ್ತಿದ್ರ ಅದನ್ನ ನಂಬಿ ನಡೀಬಹುದು. ನೀ ಎಷ್ಟು ತಪ್ಪತಿ ಅಂತ ನನಗ ಇವತ್ತು ಗೊತ್ತಾತು. ದಿನಾ ಎಂಟಕ್ಕ ಫೋನ್ ಮಾಡಿ ಕೇಳ್ತೀನಿ, ಹೇಳು."

ಅಂದಿನಿಂದ ದಿನಾ ಫೋನ್ ಬರುತ್ತದೆ. "ಎಷ್ಟು?" ಎಂದಷ್ಟೇ ಕೇಳುತ್ತಾರೆ. ಎರಡು, ಎರಡು, ಮೂರು, ಎರಡು ಎಂದು ಹೇಳುತ್ತ ಬಂದಿದ್ದೇನೆ. ಮೊನ್ನೆ ಯಾಕೋ ಐದು ಬಂತು. ಮತ್ತೆ ನೋಡಿದೆ, ಐದೇ. ಈ ಚಳಿಯಲ್ಲಿ ಐದು ಎಂದರೆ ಯಾರು ನಂಬುತ್ತಾರೆ? ಎರಡು ಎಂದು ಹೇಳಿ ಮರುದಿನ ಸರಿದೂಗಿಸಬಹುದು ಎಂದು ನನ್ನ ಹಳೆಯ ಬುದ್ಧಿ ಒಂದು ಕ್ಷಣ ಎದ್ದು ಕುಳಿತಿತು. ಫೋನ್ ಬಂದಾಗ, "ಐದು, ಅತ್ತಿ" ಎಂದೆ.



"ಐದು ಅಂತ ಯಾರೂ ಸುಳ್ಳ ಹೇಳಂಗಿಲ್ಲ. ಬರಿ," ಎಂದು ಫೋನ್ ಇಟ್ಟರು.